ಇಲ್ಲದ ಪರೀಕ್ಷೆಗೆ ಓದಿದ ವರ್ಷ

ನಮ್ಮಂಥ ಮನೆಗಳಲ್ಲಿ ಪರೀಕ್ಷೆ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಯಾಕೆ ಏನು ಎಂದು ಕೇಳುವ ಪದ್ಧತಿಯೇ ಇಲ್ಲ. ಪುಸ್ತಕ ತೆಗೆದು ಕೂತುಬಿಡುತ್ತೇವೆ. ಮೈಸೂರಿನಿಂದ ಮುಂಬೈಗೆ ಬಂದು ಗುಮಾಸ್ತರಾಗಿಯೇ ನಿವೃತ್ತರಾದ ನನ್ನ ತಂದೆ ಮಕ್ಕಳಿಗೆ ಕೊಟ್ಟ ಆಸ್ತಿ ಇದೊಂದೇ. ಬೆಳಗಿನ ಜಾವ ಎಬ್ಬಿಸಿ, ಕೈಗೆ ಕಾಫಿ ಲೋಟ ಕೊಟ್ಟು, ಓದು ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಹಾಗೆ ಓದಿ ಓದಿ ಗಣಿತದಲ್ಲಿ ಪದವಿ ಪಡೆದೆ, ಕಂಪ್ಯೂಟರ್ ಕೋರ್ಸ್ ಮಾಡಿದೆ, ಫೋರ್ಟ್ ಪ್ರದೇಶದ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್ ಆದೆ. ಆದ್ದರಿಂದ ಎಂಬತ್ತರ ದಶಕದ ನಡುವೆ, ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹಿಂದಿರುಗಿದ ದಿನ, ನಮ್ಮ ಮ್ಯಾನೇಜರು "ನಿಮಗೊಂದು ಟೆಸ್ಟ್ ಇರುತ್ತೆ" ಎಂದಾಗ ನಾನು ಕೇಳಿದ ಪ್ರಶ್ನೆ ಒಂದೇ. "ಸಿಲಬಸ್ ಏನು ಸರ್?"

ಈಗ ನೆನೆದರೆ ನನ್ನ ತಲೆಯನ್ನು ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ.

ಮ್ಯಾನೇಜರು ಕೆಟ್ಟವರಲ್ಲ. ಮಗುವಿಗೆ ಏನು ಹೆಸರಿಟ್ಟಿರಿ, ಸರಿಯಾಗಿ ನಿದ್ದೆ ಮಾಡುತ್ತಾಳಾ ಎಂದೆಲ್ಲ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ನಾನಿಲ್ಲದಾಗ ಹಳೆಯ ಯಂತ್ರದ ಜೊತೆಗೆ ಹೊಸದೊಂದು ಬಂದಿತ್ತು. ಅದರ ವ್ಯವಸ್ಥೆ ಬೇರೆ, ಭಾಷೆ ಬೇರೆ. ನನಗೆ ಬರುತ್ತಿದ್ದ ಕೋಬಾಲ್ ಅಲ್ಲಿ ನಡೆಯುವುದಿಲ್ಲ. ನನ್ನ ಕುರ್ಚಿಯಲ್ಲಿ ಬೇರೊಬ್ಬರನ್ನು ಕೂರಿಸಿದ್ದರು. "ಸದ್ಯಕ್ಕೆ ಡೇಟಾ ಎಂಟ್ರಿ ಕಡೆ ಇರಿ. ದೀಪಾವಳಿ ಕಳೆದ ಮೇಲೆ ಟೆಸ್ಟ್ ಇಡ್ತೀವಿ. ಪಾಸಾದರೆ ನಿಮ್ಮ ಕುರ್ಚಿ ನಿಮಗೆ. ರೂಲ್ ಹಾಗಿದೆ, ನಾನೇನು ಮಾಡಲಿ?" ಎಂದರು. ಆಡಿದ್ದು ಇಂಗ್ಲಿಷಿನಲ್ಲಿ, ಧಾಟಿ ಇದೇ.

ಕುರ್ಚಿ ಎಂದರೆ ಕುರ್ಚಿಯ ವಿಷಯವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರೋಗ್ರಾಂ ಬರೆಯುವ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಮನೆಯಲ್ಲಿ, ಲೋಕಲ್ ರೈಲಿನಲ್ಲಿ, ಬಿಲ್ಡಿಂಗಿನಲ್ಲಿ ಯಾರೊಬ್ಬರೂ ನನ್ನ ಮಾತನ್ನು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಯಂತ್ರ ಕೇಳುತ್ತಿತ್ತು. ತಪ್ಪು ಹೇಳಿದರೆ ತಪ್ಪು ಮಾಡುತ್ತಿತ್ತು, ಸರಿ ಹೇಳಿದರೆ ಸರಿ ಮಾಡುತ್ತಿತ್ತು, ಹೆಂಗಸು ಹೇಳಿದ್ದೆಂದು ಮುಖ ಗಂಟಿಕ್ಕುತ್ತಿರಲಿಲ್ಲ. ಆ ಸುಖ ಕೈತಪ್ಪಿ ಹೋಗುತ್ತದೆಯೇನೋ ಎಂದು ನನಗೆ ನಿಜಕ್ಕೂ ಭಯವಾಯಿತು. ಆ ಭಯದಲ್ಲಿ ಜಗಳ ಹೊಳೆಯಲಿಲ್ಲ, ಓದು ಹೊಳೆಯಿತು.

ಡೇಟಾ ಎಂಟ್ರಿ ಕೋಣೆ ಎಂದರೆ ಸಾಲು ಟರ್ಮಿನಲ್‌ಗಳ ಮುಂದೆ ಕೂತ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ವೋಚರುಗಳನ್ನು ಟೈಪ್ ಮಾಡುವ ಜಾಗ. ಮುಂಬೈಯ ಸೆಕೆಯಲ್ಲಿ ಬೆವರಿಕೊಂಡು ಬಂದವರು ಒಳಗೆ ಹೆಜ್ಜೆಯಿಟ್ಟೊಡನೆ ಸ್ವೆಟರ್ ಹಾಕಿಕೊಳ್ಳಬೇಕು. ಏಸಿ ಇದ್ದದ್ದು ಯಂತ್ರಕ್ಕೆ, ನಮಗಲ್ಲ. ಚಪ್ಪಲಿ ಹೊರಗೆ. ಸೂಪರ್‌ವೈಸರನ್ನು ಹುಡುಗಿಯರೆಲ್ಲ ದೀದಿ ಎನ್ನುತ್ತಿದ್ದರು. ಕಾರವಾರದ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಗಿರ್ಗಾಂವಿನ ಚಾಳಿನ ವಠಾರದಲ್ಲಿ. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ಹಿಂದಿ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟೈಪ್ ಆದದ್ದನ್ನು ವೋಚರಿನೊಂದಿಗೆ ತಾಳೆ ನೋಡುವ ಕೆಲಸ ಕೊಟ್ಟರು.

ದೀದಿಯೂ ಒಂದು ಕಾಲದಲ್ಲಿ ಪ್ರೋಗ್ರಾಮರ್ ಆಗಿದ್ದರಂತೆ ಎಂದು ಒಬ್ಬ ಹುಡುಗಿ ಪಿಸುಗುಟ್ಟಿದಳು. ನಾನು ಊಟದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ.

"ಅರೆ, ವೋ ಪುರಾನಾ ಜಮಾನಾ," ಎಂದು ದೀದಿ ಡಬ್ಬಿಯ ಮುಚ್ಚಳ ತಿರುಗಿಸಿದರು. "ಕಾರ್ಡ್‌ನಲ್ಲಿ ತೂತು ಮಾಡಿ ಪ್ರೋಗ್ರಾಂ ಹಾಕೋ ಟೈಮ್. ಆಮೇಲೆ ಮಗ ಹುಟ್ಟಿದ. ನನಗೂ ಟೆಸ್ಟ್ ಇಟ್ಟಿದ್ರು, ನಿನ್ನ ಹಾಗೇ."

ಮುಂದೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾಸಾಗಿರಲಿಕ್ಕಿಲ್ಲ ಪಾಪ, ಎಂದು ನಾನೇ ತೀರ್ಮಾನಿಸಿಕೊಂಡೆ. ಅವರ ಹಾಗೆ ಆಗಬಾರದು ಎಂದು ಇನ್ನಷ್ಟು ಹಟ ಹುಟ್ಟಿತು.

ಆದರೆ ಓದುವುದು ಹೇಗೆ? ಹೊಸ ಯಂತ್ರವಿದ್ದ ಕೋಣೆಗೆ, ಅದರಲ್ಲಿ ಕೆಲಸ ಮಾಡುವವರಿಗೆ ಮಾತ್ರ ಪ್ರವೇಶ. ಅದರಲ್ಲಿ ಕೆಲಸ ಕಲಿಯದೆ ಕೋಣೆಗೆ ಬಿಡುವುದಿಲ್ಲ, ಕೋಣೆಗೆ ಬಿಡದೆ ಕಲಿಯುವುದು ಸಾಧ್ಯವಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಅದೇ ಕಥೆ. ಗಂಡಸರಿಗೆ ಬೇರೆ ದಾರಿಗಳಿದ್ದವು. ಕಂಪ್ಯೂಟರ್ ವೃತ್ತಿಯವರ ಒಂದು ಸಂಘವಿತ್ತು. ತಿಂಗಳಿಗೊಮ್ಮೆ ಸಂಜೆ ಉಪನ್ಯಾಸ. ನಾನೂ ಒಮ್ಮೆ ಹೋದೆ. ಸಭೆಯಲ್ಲಿ ನಾನೊಬ್ಬಳೇ ಹೆಂಗಸು. ಭಾಷಣಕಾರರು ಮೈಕು ಹಿಡಿದು "ಲೇಡಿ ಅಂಡ್ ಜೆಂಟಲ್‌ಮೆನ್" ಎಂದರು, ಎಲ್ಲರೂ ತಿರುಗಿ ನನ್ನನ್ನು ನೋಡಿ ನಕ್ಕರು. ಒಳ್ಳೆಯ ನಗೆಯೇ, ಕೆಟ್ಟದ್ದಲ್ಲ. ಆದರೂ ಅಷ್ಟು ಕಣ್ಣುಗಳ ನಡುವೆ ಒಂದು ಪ್ರಶ್ನೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಉಪನ್ಯಾಸದ ನಂತರ ಅವರೆಲ್ಲ ಹತ್ತಿರದ ಬಾರಿಗೆ ಹೋಗಿ ಕೂರುತ್ತಿದ್ದರಂತೆ. ಯಾವ ಕಂಪನಿಗೆ ಯಾವ ಯಂತ್ರ ಬಂತು, ಕೈಪಿಡಿ ಯಾರ ಬಳಿ ಇದೆ, ಎಲ್ಲಿ ಕೆಲಸ ಖಾಲಿಯಿದೆ ಎನ್ನುವುದೆಲ್ಲ ಅಲ್ಲೇ ಇತ್ಯರ್ಥ. ನಾನು ಎದೆಹಾಲು ತುಂಬಿ ಕುಪ್ಪಸ ಒದ್ದೆಯಾಗುವ ಮೊದಲು ಮನೆ ಸೇರಬೇಕಾದವಳು. ಉಪನ್ಯಾಸ ಮುಗಿಯುವ ಮುಂಚೆಯೇ ಎದ್ದು ವೀಟಿ ಸ್ಟೇಷನ್ನಿಗೆ ಓಡಿದೆ.

ದಾರಿ ಸಿಕ್ಕಿದ್ದು ಮೆಂತ್ಯದ ಸೊಪ್ಪಿನಿಂದ. ಸಂಜೆಯ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ತರಕಾರಿ ಹಸನು ಮಾಡದ ಹೆಂಗಸೇ ಇಲ್ಲ. ಬಟಾಣಿ ಸುಲಿಯುವವರು, ಹುರುಳಿಕಾಯಿ ಮುರಿಯುವವರು. ಮನೆ ಮುಟ್ಟುವ ಹೊತ್ತಿಗೆ ಅರ್ಧ ಅಡುಗೆ ಮುಗಿದಿರಬೇಕು. ನಾನು ಮುಲುಂಡಿನವರೆಗೆ ಹೋಗಬೇಕಾದವಳು, ಸೀಟು ಸಿಕ್ಕಿದ ದಿನ ಸೊಪ್ಪು ಬಿಡಿಸುತ್ತಿದ್ದೆ. ಆ ದಿನ ತೊಡೆಯ ಮೇಲೆ ಹಾಸಿಕೊಂಡದ್ದು ಅಂಚಿನಲ್ಲಿ ತೂತುಗಳಿರುವ ಕಂಪ್ಯೂಟರ್ ಕಾಗದ. ಹೊಸ ಯಂತ್ರದವರು ಬಿಸಾಡಿದ್ದು. ಅದರಲ್ಲಿ ಅಚ್ಚಾದದ್ದನ್ನು ನೋಡಿ ನೋಡಿ, ಹಿಂಬದಿಯಲ್ಲಿ ಹೊಸ ಭಾಷೆಯಲ್ಲಿ ನಾನೇ ಕೈಯಿಂದ ಬರೆದ ಒಂದು ಪ್ರೋಗ್ರಾಂ ಇತ್ತು. ಸೊಪ್ಪಿನ ಕಟ್ಟು ಜಾರಿ ಬಿದ್ದು ನಾನು "ಅಯ್ಯೋ ರಾಮ" ಎಂದೆ. ಎದುರಿಗೆ ಕೂತ, ಅಗಲ ಅಂಚಿನ ಇಳಕಲ್ ಸೀರೆಯ ಹೆಂಗಸು ಕಟ್ಟನ್ನು ಎತ್ತಿಕೊಟ್ಟು, ಕುತ್ತಿಗೆ ಓರೆ ಮಾಡಿ ನನ್ನ ತೊಡೆಯ ಮೇಲಿನ ಕಾಗದವನ್ನೇ ನೋಡತೊಡಗಿದರು.

"ಇಲ್ಲೆ ಒಂದು ಬ್ರ್ಯಾಕೆಟ್ ಬಿಟ್ಟೀರಿ ನೋಡ್ರಿ," ಎಂದರು. "ಸೊಪ್ಪು ಸ್ವಲ್ಪ ಸರಸ್ರಿ, ಕೆಳಗ ಇನ್ನೂ ಏನೇನು ಅದ ನೋಡೋಣು."

ನಾನು ಕಕ್ಕಾಬಿಕ್ಕಿಯಾದೆ. ಆಕೆ ಧಾರವಾಡದವರು, ನನಗಿಂತ ಏಳೆಂಟು ವರ್ಷ ಹಿರಿಯರು, ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದರು. ಅವರ ಬ್ಯಾಂಕಿಗೆ ಇಂಥ ಯಂತ್ರ ಆಗಲೇ ಬಂದಿತ್ತು. ಘಾಟ್‌ಕೋಪರ್ ಬರುವಷ್ಟರಲ್ಲಿ ಸೊಪ್ಪು ಅವರ ಚೀಲಕ್ಕೆ ಹೋಗಿತ್ತು, ಪೆನ್ನು ಅವರ ಕೈಯಲ್ಲಿತ್ತು. ಟೆಸ್ಟಿನ ವಿಷಯ ಹೇಳಿದೆ. "ಒಬ್ಬಾಕೀನ ಓದಬ್ಯಾಡ್ರಿ," ಎಂದರು. "ನಾ ಒಬ್ಬಾಕೀನ ಓದೀನಿ, ನಂಗೊತ್ತದ ಅದರ ತ್ರಾಸು. ತಪ್ಪು ಮಾಡಿದ್ರ ತಪ್ಪು ಅನ್ನಾವ್ರ ಇರಂಗಿಲ್ಲ, ಸರಿ ಮಾಡಿದ್ರ ಶಾಭಾಸ್ ಅನ್ನಾವ್ರೂ ಇರಂಗಿಲ್ಲ." ನಾನು ಮುಲುಂಡಿನಲ್ಲಿ ಇಳಿದ ಮೇಲೆ, ಸೊಪ್ಪು ಅವರ ಜೊತೆ ಅವರ ಮನೆಯಿದ್ದ ಥಾಣೆಗೆ ಹೋಗಿದೆ ಎನ್ನುವುದು ನೆನಪಾಯಿತು.

ಮೂರನೆಯವಳನ್ನು ಸೇರಿಸಿದವರು ಅವರೇ. ಉಡುಪಿಯ ಕಡೆಯ ಹುಡುಗಿ, ಹೊಸದಾಗಿ ಮದುವೆಯಾದವಳು, ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಪ್ರೋಗ್ರಾಮರ್. ಅವಳ ತಂದೆಗೆ ವಡಾಲ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿತ್ತು. ಹೋಟೆಲಿನ ಅಟ್ಟದ ಮೇಲೆ ಫ್ಯಾಮಿಲಿ ರೂಮು. ಶನಿವಾರ ನಮಗೆಲ್ಲ ಅರ್ಧ ದಿನ ಆಫೀಸು. ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ತನಕ ಆ ಕೋಣೆ ಖಾಲಿ ಬಿದ್ದಿರುತ್ತಿತ್ತು. "ಕೂತ್ಕೊಳ್ಳಿ, ಎಂತ ಬೇಕಾದ್ರೂ ಓದಿ. ಐದಕ್ಕೆ ಮಾತ್ರ ಟೇಬಲ್ ಬಿಡ್ಬೇಕು," ಎಂದು ಅವಳ ತಂದೆ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿ ಅಪ್ಪಣೆ ಕೊಟ್ಟರು.

ಯಂತ್ರ ನಮ್ಮ ಮುಂದೆ ಇರಲಿಲ್ಲ. ಇದ್ದದ್ದು ಧಾರವಾಡದವರು ಬ್ಯಾಂಕಿನಿಂದ ತಂದ ಕೈಪಿಡಿಯ ಝೆರಾಕ್ಸ್ ಪ್ರತಿ. ಹಾಗಾಗಿ ನಾವೇ ಯಂತ್ರವಾದೆವು. ಪ್ರೋಗ್ರಾಮಿನಲ್ಲಿ ಬೆಲೆ ಬದಲಾಗುತ್ತಾ ಹೋಗುವ ಹೆಸರುಗಳಿರುತ್ತವೆ. ಒಬ್ಬೊಬ್ಬರು ಒಂದೊಂದು ಹೆಸರಾಗಿ ಕೂರುತ್ತಿದ್ದೆವು. ಬೆಲೆ ಎಣಿಸಲು ಹಲ್ಲುಕಡ್ಡಿಗಳು. ಒಬ್ಬಳು ಸಾಲು ಸಾಲಾಗಿ ಓದಿದಂತೆ ಉಳಿದವರು ಕಡ್ಡಿ ಹಾಕುವುದು, ತೆಗೆಯುವುದು. ಕೊನೆಯಲ್ಲಿ ಕೈಯಲ್ಲಿ ಉಳಿದ ಕಡ್ಡಿಗಳು ಉತ್ತರ. ಒಮ್ಮೆ ಅದೇ ಸಾಲುಗಳಿಗೆ ಮತ್ತೆ ಮತ್ತೆ ಮರಳುವ ಪ್ರೋಗ್ರಾಮಿನ ಸುತ್ತು ನಿಲ್ಲಲೇ ಇಲ್ಲ. ಕಡ್ಡಿಯ ಡಬ್ಬಿ ಖಾಲಿಯಾಗಿ, ವಡಾಲದವಳು "ಇನ್ನೊಂದು ಡಬ್ಬಿ ಕೊಡಿ" ಎಂದು ಕೂಗಿದಾಗ, ಇವರು ಎಂಥ ತಿಂಡಿ ತಿಂದರೋ ಎಂದು ಕೆಳಗಿನಿಂದ ಮಾಣಿ ಗಾಬರಿಯಿಂದ ಮೇಲೆ ಬಂದ.

ಹೊಸ ಭಾಷೆಯಲ್ಲಿ ನನ್ನನ್ನು ಕಾಡಿದ್ದು ಪಾಯಿಂಟರ್ ಎನ್ನುವ ಸಂಗತಿ. ಬೆಲೆಯ ಬದಲು ಬೆಲೆ ಇರುವ ಜಾಗದ ಗುರುತನ್ನು ಇಟ್ಟುಕೊಳ್ಳುವುದು. ಕೈಪಿಡಿಯ ವಿವರಣೆ ಓದಿದಷ್ಟೂ ತಲೆ ಕೆಡುತ್ತಿತ್ತು. ವಡಾಲದವಳು ಒಂದೇ ಮಾತಿನಲ್ಲಿ ಬಿಡಿಸಿದಳು. "ನಮ್ಮ ಮಾಣಿಗೆ ಗಿರಾಕಿ ಯಾರು ಅಂತ ಗೊತ್ತಿರುದು ಬೇಡ ಮಾರಾಯ್ರೆ. ಟೇಬಲ್ ನಂಬರ್ ಗೊತ್ತಿದ್ರೆ ಸಾಕು, ಇಡ್ಲಿ ಸರಿಯಾಗಿ ಹೋಗ್ತದೆ. ನಂಬರ್ ತಪ್ಪಿದ್ರೆ ಒಬ್ಬರ ಇಡ್ಲಿ ಇನ್ನೊಬ್ಬರು ತಿಂತಾರೆ. ಪಾಯಿಂಟರ್ ಅಂದ್ರೆ ಅಷ್ಟೇ." ಅಂದಿನಿಂದ ಇಂದಿನವರೆಗೆ ನನಗೆ ಪಾಯಿಂಟರ್ ಎಂದರೆ ಸಾಂಬಾರಿನ ವಾಸನೆ.

ಮನೆಯಲ್ಲಿ ನಾನು ಶನಿವಾರಗಳ ಬಗ್ಗೆ ಹೇಳಿದ್ದು "ಮಂಡಳಿಗೆ ಹೋಗ್ತೀನಿ" ಎಂದಷ್ಟೇ. ಮಹಿಳಾ ಮಂಡಳಿ ಇಲ್ಲದ ಬಿಲ್ಡಿಂಗ್ ಮುಂಬೈಯಲ್ಲಿ ಎಲ್ಲಿದೆ? ಆದರೆ ನಮ್ಮತ್ತೆಯ ಪಾಲಿಗೆ ಮಂಡಳಿ ಎಂದರೆ ಭಜನಾ ಮಂಡಳಿ. ಅವರು ಮಗುವನ್ನು ಸೊಂಟದ ಮೇಲೆ ಹೊತ್ತು, "ಹೋಗ್ಬಾ, ಒಳ್ಳೇದೇ" ಎಂದು ಕಳಿಸುತ್ತಿದ್ದರು. ನಾನು ತಿದ್ದಲಿಲ್ಲ. ನವರಾತ್ರಿಗೆ ಗೊಂಬೆ ಕೂರಿಸಿದಾಗ ಬಂತು ಗ್ರಹಚಾರ. ಅರಿಶಿನ ಕುಂಕುಮಕ್ಕೆ ಬಂದ ಬಿಲ್ಡಿಂಗಿನ ಹೆಂಗಸರೆಲ್ಲರ ಎದುರು ಅತ್ತೆ, "ಮಂಡಳಿಯಲ್ಲಿ ಕಲಿತಿದ್ದು ಒಂದು ಹೇಳಮ್ಮ" ಎಂದುಬಿಟ್ಟರು. ಏನು ಹಾಡಲಿ, ಪಾಯಿಂಟರನ್ನೇ? ಕೆಮ್ಮಿ, ಎಲೆಅಡಿಕೆ ತರುವ ನೆವದಲ್ಲಿ ಒಳಗೆ ಓಡಿದೆ.

ಎಲ್ಲರೂ ಹೋದ ಮೇಲೆ ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವರಿಗೆ ಸಿಟ್ಟು ಬಂದದ್ದೇನೋ ನಿಜ, ಆದರೆ ಬೇರೆ ಕಾರಣಕ್ಕೆ.

"ಪರೀಕ್ಷೆ ಅಂತ ಮೊದ್ಲೇ ಹೇಳ್ಬಾರ್ದಾ? ಪರೀಕ್ಷೆಗೆ ಓದೋ ಹುಡುಗಿ ಕೈಲಿ ಗೊಂಬೆ ಮೆಟ್ಟಿಲು ಕಟ್ಟಿಸಿದ್ನಲ್ಲ, ಚಕ್ಕುಲಿ ಒತ್ತಿಸಿದ್ನಲ್ಲ! ನಂಗೆ ಪಾಪ ತಟ್ಟಲ್ವಾ?"

ಮಾರನೆಯ ದಿನದಿಂದ ಬೆಳಗಿನ ತಿಂಡಿ ಅವರದು. ರಾತ್ರಿ ಬಾದಾಮಿ ಹಾಲು. ನನ್ನ ಗಂಡ ಟೀವಿಯ ಸದ್ದು ಹೆಚ್ಚಿಸಿದರೆ "ಅವಳಿಗೆ ಪರೀಕ್ಷೆ ಇದೆ ಕಣೋ" ಎಂದು ಗದರುವುದು. ಆ ಮಾತಿಗೆ ನಮ್ಮ ಮನೆಯಲ್ಲಿ ಅಷ್ಟು ತೂಕ.

ದೀದಿಯನ್ನೂ ನಾನು ವಡಾಲಕ್ಕೆ ಕರೆದಿದ್ದೆ. "ನನಗೆ ಯಾಕೆ ಈಗ? ನೀವು ಹುಡುಗೀರು ಮಾಡಿ," ಎಂದು ನಕ್ಕು ತಳ್ಳಿಹಾಕಿದರು. ಆದರೆ ಸೋಮವಾರ ಬಂದರೆ, ಶನಿವಾರ ಏನು ಕಲಿತಿರಿ ಎಂದು ಕೇಳದೆ ಬಿಡುತ್ತಿರಲಿಲ್ಲ. ನಾನು ವೋಚರಿನ ಹಿಂದೆ ಬರೆದು ತೋರಿಸುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಅಚ್ಛಾ, ಐಸಾ ಹೈ," ಎಂದು ವೋಚರನ್ನು ಜಾಗಕ್ಕೆ ಸೇರಿಸುತ್ತಿದ್ದರು.

ಇದರ ನಡುವೆ, ಗಣಪತಿ ಹಬ್ಬದ ಆಸುಪಾಸಿನಲ್ಲಿ, ನಮ್ಮ ಆಫೀಸಿನ ಒಬ್ಬ ಪ್ರೋಗ್ರಾಮರ್ ರಜೆಯಿಂದ ಹಿಂದಿರುಗಿದ್ದರು. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು, ನನ್ನಷ್ಟೇ ಕಾಲ ಮನೆಯಲ್ಲಿ ಮಲಗಿದ್ದವರು. ಕೋಲು ಹಿಡಿದು ಕುಂಟುತ್ತಾ ಬಂದ ದಿನ ಎಲ್ಲರಿಗೂ ಪೇಢೆ ಹಂಚಿದರು. ನಾನೂ ಒಂದು ತಿಂದು, ದೇವರು ದೊಡ್ಡವನು ಎಂದೆ. ಅವರು ನೇರವಾಗಿ ಹೋಗಿ ಹೊಸ ಯಂತ್ರದ ಕೋಣೆಯಲ್ಲಿ ಕೂತರು. ಒಬ್ಬ ಸಹೋದ್ಯೋಗಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವರಿಗೆ ಹೊಸ ಭಾಷೆ ಹೇಳಿಕೊಡುತ್ತಿದ್ದುದು ಗಾಜಿನ ಬಾಗಿಲಿನಿಂದ ಕಾಣುತ್ತಿತ್ತು. ದಿನವೂ ನೋಡುತ್ತಿದ್ದೆ. ನೋಡಿಯೂ ನನ್ನ ತಲೆಯಲ್ಲಿ ಒಂದು ಗಂಟೆಯೂ ಬಾರಿಸಲಿಲ್ಲ.

ಬಾರಿಸಿದ್ದು ದೀಪಾವಳಿಗೆ ಮೊದಲಿನ ಒಂದು ಶನಿವಾರ. ವಡಾಲದವಳು ಬಸುರಿ. ಕೇಸರಿಬಾತ್ ತರಿಸಿ, ತಾನೇ ಬಡಿಸಿ, ನಾಚಿಕೊಂಡು ವಿಷಯ ಹೇಳಿದಳು. ನಾವಿಬ್ಬರೂ ಅವಳ ಗಲ್ಲ ಹಿಂಡಿದೆವು. ಆಮೇಲೆ ಅವಳು ಝೆರಾಕ್ಸ್ ಪ್ರತಿಯನ್ನು ತನ್ನ ಕಡೆ ಎಳೆದುಕೊಂಡಳು.

"ಈಗ್ಲೇ ಹೇಳಿಬಿಡಿ ಮಾರಾಯ್ರೆ, ವಾಪಸ್ ಬಂದ ಮೇಲೆ ಟೆಸ್ಟಲ್ಲಿ ಎಂತ ಕೇಳ್ತಾರೆ? ನಮ್ಮ ಆಫೀಸಲ್ಲೂ ರೂಲ್ ಉಂಟಂತೆ. ರಜೆಯಲ್ಲೇ ಓದಿ ಇಡ್ತೇನೆ."

ನನಗಂತೂ ಹೊಸ ಯಂತ್ರದ ಮೇಲೆ ಟೆಸ್ಟ್ ಎಂದು ನಾನು ಹೇಳಿದೆ. ಧಾರವಾಡದವರು ನಕ್ಕರು. "ನನಗ ಟೈಪಿಂಗ್ ಟೆಸ್ಟ್ ಇಟ್ಟಿದ್ರು. ಪ್ರೋಗ್ರಾಮರಿಗೆ ಟೈಪಿಂಗ್! ಕೂಸಿನ್ನ ತವರುಮನ್ಯಾಗ ಬಿಟ್ಟು, ತಿಂಗಳಗಟ್ಲೆ ಟೈಪಿಂಗ್ ಕ್ಲಾಸಿಗೆ ಹೋಗಿದ್ದೆ." ಚಮಚ ಕೆಳಗಿಟ್ಟು ನನ್ನನ್ನು ನೋಡಿದರು. "ತಡೀರಿ. ಒಂದೊಂದು ಆಫೀಸಿನ್ಯಾಗ ಒಂದೊಂದು ಟೆಸ್ಟ್. ಮತ್ತ ಎಲ್ಲಾರೂ ರೂಲ್ ಅಂತಾರ. ಆ ರೂಲ್ ಎಲ್ಲಿ ಬರದಾರ? ನೀವು ನೋಡೀರೇನು?"

ನಾನು ನೋಡಿರಲಿಲ್ಲ. ವಡಾಲದವಳೂ ನೋಡಿರಲಿಲ್ಲ. "ನಾನೂ ನೋಡಿಲ್ಲ," ಎಂದರು ಅವರು. "ಗಂಡಸೂರು ರಜಾ ಮುಗಿಸಿ ಬಂದ್ರ ಅವರಿಗೂ ಕೊಡ್ತಾರೇನು ಟೆಸ್ಟು?"

ಆಗ ನನಗೆ ಪೇಢೆ ನೆನಪಾಯಿತು. ಕೋಲು, ಗಾಜಿನ ಬಾಗಿಲು, ಪಕ್ಕದ ಕುರ್ಚಿ. ಮೊದಲು ನಾಚಿಕೆಯಾಯಿತು, ಇಷ್ಟು ದಡ್ಡಿಯೇ ನಾನು ಎಂದು. ಆಮೇಲೆ ಬಂದ ಸಿಟ್ಟು ಎಂಥದೆಂದರೆ, ಕೇಸರಿಬಾತಿನ ತಟ್ಟೆಯನ್ನು ಗೋಡೆಗೆ ಅಪ್ಪಳಿಸಬೇಕು ಅನಿಸಿತು. ತಿಂಗಳುಗಟ್ಟಲೆ ಓದಿದ್ದಕ್ಕೆ ಸಿಟ್ಟಲ್ಲ. ಓದು ಯಾರಿಗೂ ಭಾರವಲ್ಲ. ನನಗೇ ಏನೋ ಕಡಿಮೆಯಾಗಿದೆ, ಹೆತ್ತ ಮೇಲೆ ಬುದ್ಧಿ ಮಂಕಾಗಿದೆ, ಅದನ್ನು ನಾನೇ ತುಂಬಿಕೊಡಬೇಕು ಎಂದು ನಂಬಿಕೊಂಡು ತಿರುಗಿದೆನಲ್ಲ, ಅದಕ್ಕೆ. ಇಲ್ಲದ ಗುಮ್ಮನಿಗೆ ಹೆದರಿದ್ದೆವು, ಮೂವರೂ, ಬೇರೆಬೇರೆ ಕೋಣೆಗಳಲ್ಲಿ. ಒಂದು ಟೇಬಲಿನ ಸುತ್ತ ಕೂತು ಬಾಯಿ ಬಿಡುವವರೆಗೆ ನಮಗದು ತಿಳಿಯಲು ದಾರಿಯೇ ಇರಲಿಲ್ಲ. ಹೆಂಗಸರಿಗೆ ಬೇರೆ ಸಂಘ ಯಾಕೆ ಬೇಕು, ಇರುವುದರಲ್ಲೇ ಬಂದು ಸೇರಲಿ ಎಂದು ಈಗಲೂ ಕೇಳುವವರಿದ್ದಾರೆ. ನನ್ನ ಉತ್ತರ ಆ ಟೇಬಲಿನಲ್ಲಿದೆ. ಗಂಡಸರ ಬಾರಿನಲ್ಲಿ ನಾನು ಎಷ್ಟು ಸಂಜೆ ಕೂತಿದ್ದರೂ ಈ ಪ್ರಶ್ನೆ ಯಾರ ಬಾಯಿಂದಲೂ ಬರುತ್ತಿರಲಿಲ್ಲ, ಏಕೆಂದರೆ ಅವರಾರೂ ಹೆತ್ತು ಬಂದವರಲ್ಲ.

ಸೋಮವಾರ ಮ್ಯಾನೇಜರ ಕ್ಯಾಬಿನ್ನಿಗೆ ಹೋದೆ.

"ಸರ್, ಟೆಸ್ಟಿನ ರೂಲ್ ಎಲ್ಲಿದೆ? ಒಮ್ಮೆ ನೋಡಬಹುದಾ?"

ಅವರು ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. "ರೂಲ್ ಅಂತ ಬರೆದಿಟ್ಟದ್ದು ಏನೂ ಇಲ್ಲ. ಮೊದಲಿಂದ ನಡೆದು ಬಂದ ಪದ್ಧತಿ. ನಿಮ್ಮ ಅನುಕೂಲಕ್ಕೇ. ಚಿಕ್ಕ ಮಗು ಇರುವವರು ಎಂಟ್ರಿ ಕಡೆಯೇ ನೆಮ್ಮದಿ ಅಂತಾರೆ."

ಕಾಲು ಮುರಿದ ಸಹೋದ್ಯೋಗಿಗೆ ಟೆಸ್ಟ್ ಇಟ್ಟಿದ್ದಿರಾ ಎಂದು ಕೇಳಿದೆ.

ಅವರು ನಕ್ಕರು. "ಅವರು ಮುರಿದುಕೊಂಡದ್ದು ಕಾಲು. ತಲೆ ಅಲ್ಲವಲ್ಲ."

"ನಾನೂ ಮಗುವನ್ನು ತಲೆಯಿಂದ ಹೆತ್ತಿಲ್ಲ ಸರ್."

ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆಡಿದ ಮೇಲೆ ಕೆಲಸ ಹೋಯಿತು ಎಂದೇ ತಿಳಿದೆ. ಮ್ಯಾನೇಜರು ಕೆಂಪಾದರು, ಪೇಪರ್‌ವೇಟನ್ನು ಇನ್ನೊಂದು ಸುತ್ತು ತಿರುಗಿಸಿದರು, ಕೊನೆಗೆ ತಾವೇ ನಕ್ಕುಬಿಟ್ಟರು. "ಸರಿ, ಟೆಸ್ಟ್ ಬೇಡ ಅಂದರೆ ಬಿಡಿ. ನಾಳೆಯಿಂದ ನಿಮ್ಮ ಜಾಗದಲ್ಲಿ ಕೂತುಕೊಳ್ಳಿ." ಅಷ್ಟೇ. ಅಷ್ಟು ಸುಲಭ. ನನ್ನ ಬಾದಾಮಿ ಹಾಲು, ಅತ್ತೆಯ ಗದರಿಕೆ, ಡಬ್ಬಿಗಟ್ಟಲೆ ಹಲ್ಲುಕಡ್ಡಿ ಎಲ್ಲ ಆ ಒಂದು ಪ್ರಶ್ನೆಯ ಮುಂದೆ ಆವಿಯಾಗಿ ಹೋದವು.

ಕುಣಿಯುತ್ತಲೇ ಡೇಟಾ ಎಂಟ್ರಿ ಕೋಣೆಗೆ ಬಂದೆ. ದೀದಿ ವೋಚರಿಗೆ ಟಿಕ್ ಹಾಕುತ್ತಿದ್ದರು. ಕುರ್ಚಿಯ ಮೇಲಿದ್ದ ನನ್ನ ಸ್ವೆಟರನ್ನು ಮಡಚುತ್ತಾ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ರೂಲೇ ಇಲ್ಲ ದೀದಿ! ಬರೀ ಬಾಯಿಮಾತು. ನೀವು ಆಗ ಫೇಲಾದದ್ದಕ್ಕೆ ಇನ್ನು ಬೇಜಾರು ಮಾಡ್ಕೋಬೇಡಿ, ಅದಕ್ಕೆ ಅರ್ಥವೇ ಇಲ್ಲ."

ದೀದಿಯ ಪೆನ್ನು ನಿಂತಿತು.

"ಫೇಲ್? ಕೌನ್ ಬೋಲಾ ಫೇಲ್?" ಎಂದರು, ಮೆಲ್ಲಗೆ. "ನಾನು ಪಾಸ್ ಆಗಿದ್ದೆ. ಅಚ್ಛಾ ಮಾರ್ಕ್ಸ್ ಬಂದಿತ್ತು. ಜಾಗ ಖಾಲಿ ಆದ್ರೆ ಕರೀತೇವೆ ಬೋಲೇ. ನಾನು ಕಾದೆ. ಈಗ ಮಗನಿಗೆ ಮೀಸೆ ಬಂತು."

ನನ್ನ ಕೈಯಲ್ಲಿದ್ದ ಸ್ವೆಟರ್ ಹಾಗೆಯೇ ಉಳಿಯಿತು. ಇಷ್ಟು ತಿಂಗಳು ಪಕ್ಕದಲ್ಲಿ ಕೂತು ಇವರಿಗೆ ನಾನು ಒಳಗೊಳಗೇ ಕನಿಕರ ತೋರಿಸಿದ್ದೆ.

"ಯಾರನ್ನೂ ಕೇಳಲಿಲ್ಲವಾ ದೀದಿ?"

"ಕಿಸ್ಕೋ ಪೂಛ್ತೀ, ಯಾರನ್ನ ಕೇಳ್ಲಿ?" ಎಂದರು. "ಆಗ ಪ್ರೋಗ್ರಾಮರಲ್ಲಿ ನಾನೊಬ್ಬಳೇ ಲೇಡೀಸ್."

ಅದೇ ವಾರ ದೀದಿ ಮ್ಯಾನೇಜರ ಕ್ಯಾಬಿನ್ನಿಗೆ ಹೋಗಿ ಬಂದರು. ಅವರು ಪಾಸಾದ ಯಂತ್ರ ಎಂದೋ ಗುಜರಿಗೆ ಹೋಗಿತ್ತು. ಅವರಿಗೆ ಮಾತು ಕೊಟ್ಟಿದ್ದ ಹಳೆಯ ಮ್ಯಾನೇಜರು ನಿವೃತ್ತರಾಗಿದ್ದರು. "ನೋಡೋಣ" ಎನ್ನುವ ಉತ್ತರ ಸಿಕ್ಕಿತು. ಆ ನೋಡೋಣ ನಾನು ಕಂಪನಿ ಬಿಡುವವರೆಗೂ ನೋಡೋಣವಾಗಿಯೇ ಇತ್ತು.

ಆದರೆ ಆ ಶನಿವಾರ ದೀದಿ ನನ್ನ ಜೊತೆ ವೀಟಿಯಲ್ಲಿ ಹಾರ್ಬರ್ ಲೋಕಲ್ ಹತ್ತಿದರು. ವಡಾಲದ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡು ನಿಂತು ನಿಂತು ಬಂದರು. ಫ್ಯಾಮಿಲಿ ರೂಮಿನಲ್ಲಿ ಧಾರವಾಡದವರು ಸರಿದು ಜಾಗ ಕೊಟ್ಟು, "ಬರ್ರಿ, ಕೂಡ್ರಿ" ಎಂದರು. ಬಸುರಿ ಹುಡುಗಿ ಆಗಲೇ ಕೈಪಿಡಿ ಬಿಚ್ಚಿಕೊಂಡು ಕೂತಿದ್ದಳು. ರೂಲ್ ಎಲ್ಲಿದೆಯೆಂದು ಕೇಳಬೇಕು ಎಂದು ಹೋದ ವಾರ ಅಂದುಕೊಂಡಿದ್ದಳು, ಆದರೆ ಆಫೀಸಿನಲ್ಲಿ ಧೈರ್ಯ ಸಾಲದೆ, "ಒಂದು ಟೆಸ್ಟ್ ತಾನೇ, ಬರೆದು ಬಿಸಾಡ್ತೇನೆ. ಪಾಸ್ ಆಗದೆ ಇರ್ತೇನಾ?" ಎಂದು ನಮಗೆ ಸಮಾಧಾನ ಹೇಳುತ್ತಿದ್ದಳು.

ದೀದಿ ಇನ್ನೂ ಏದುಸಿರು ಬಿಡುತ್ತಿದ್ದರು. ಪರಿಚಯವೂ ಆಗಿರಲಿಲ್ಲ. ಹಾಗೆಯೇ ಅವಳ ಪಕ್ಕದಲ್ಲಿ ಕೂತು, ಅವಳ ಮುಂದಿನ ಪುಟದ ಮೇಲೆ ಅಂಗೈ ಊರಿದರು.

"ಓದು ಬೇಟಾ, ಖೂಬ್ ಓದು. ಲೇಕಿನ್ ಟೆಸ್ಟ್ ಬರೀಬೇಡ. ಬರೆದ್ರೆ ನೀನು ಪಾಸ್ ಆಗ್ತೀ. ಪಾಸ್ ಆದ್ರೆ ಅವರು ಕರೀತಾರೆ ಅಂತ ಕಾಯ್ತೀ."

ಹುಡುಗಿ ದೀದಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಸೋಮವಾರ ಬೆಳಿಗ್ಗೆ ಅವಳು ತನ್ನ ಆಫೀಸಿನಲ್ಲಿ ರೂಲ್ ತೋರಿಸಿ ಎಂದು ಕೇಳಿದಳು.